ಎರೆಹೊಲದ ಸಿಳ್ಳೆ, ಟ್ವೀಟರಿನ ಕಂಡೆನ್ಸರ್

ತೊಗರಿ ರಾಶಿ ಮುಗಿದು ಖಾಲಿಬಿದ್ದ ಎರೆಹೊಲದಲ್ಲಿ ನೆಲಗುಬ್ಬಿಯನ್ನು ಕಣ್ಣಿನಿಂದ ಹುಡುಕಿದರೆ ಸಿಗುವುದಿಲ್ಲ. ಬೂದು ನೆತ್ತಿಯ, ಕರಿಹೊಟ್ಟೆಯ ಗಂಡು ಹೆಂಟೆಗಳ ನಡುವೆ ಕೂತರೆ ಅದೂ ಒಂದು ಹೆಂಟೆ. ಕಿವಿಯನ್ನೇ ನಂಬಬೇಕು. ಅದು ಮೇಲಕ್ಕೆ ಹಾರಿ, ರೆಕ್ಕೆ ಮುಚ್ಚಿ, ತಲೆಕೆಳಗಾಗಿ ಬೀಳುತ್ತ ಉದ್ದನೆಯ ತೆಳು ಸಿಳ್ಳೆ ಎಳೆಯುತ್ತದೆ. ನೆಲ ಮುಟ್ಟುವ ಮುಂಚೆ ಮತ್ತೆ ಮೇಲೇರುತ್ತದೆ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಕಡೆ, ಭೀಮೆಯ ದಂಡೆಗುಂಟ ಇರುವ ಹೊಲಗಳಲ್ಲಿ ಬೆಳಗಿನ ಹೊತ್ತು ಧ್ವನಿಮುದ್ರಿಸಿಕೊಂಡ ಈ ಸಿಳ್ಳೆ, ಅದೇ ದಂಡೆಯ ಮಳೆಗಾಲದ ರಾತ್ರಿಯ ಜೀರುಂಡೆ: ಸ್ಪೀಕರ್ ಪರೀಕ್ಷಿಸಲು ನನಗೆ ಇವೆರಡೇ ಸಾಕು.

ಆಳಂದದ ಮನೆಯಲ್ಲಿರುವುದು ಹಳೆಯ ಜೋಡಿ ಪೆಟ್ಟಿಗೆ. ಒಂದೊಂದರಲ್ಲೂ ಒಂದು ವೂಫರ್, ಒಂದು 8 ಓಮ್ ಟ್ವೀಟರ್, ಹಿಂದೆ ಸಣ್ಣ ಕ್ರಾಸ್‌ಓವರ್ ಹಲಗೆ. ಟ್ವೀಟರಿಗೆ ಹೋಗುವ ತಂತಿಯ ನಡುವೆ 4.7 ಮೈಕ್ರೋಫ್ಯಾರಡ್‌ನ ಒಂದು ಕಂಡೆನ್ಸರ್. ದಪ್ಪ ಸ್ವರವನ್ನು ತಡೆದು ಸಣ್ಣ ಸ್ವರವನ್ನು ಒಳಗೆ ಬಿಡುವುದು ಅದರ ಕೆಲಸ. ಲೆಕ್ಕ ಹಾಕಿದರೆ ಗಡಿ ಸುಮಾರು 4,230 ಹರ್ಟ್ಜ್. ಕೋಗಿಲೆಯ ಕೂಗು ಇದಕ್ಕಿಂತ ಬಹಳ ಕೆಳಗೆ, ಅದು ವೂಫರಿನ ಪಾಲು. ಹೊಲದ ಜೀರುಂಡೆ ಚೀರುವುದು 4ರಿಂದ 5 ಸಾವಿರ ಹರ್ಟ್ಜ್‌ನಲ್ಲಿ, ಅಂದರೆ ಸರಿಯಾಗಿ ಆ ಗಡಿಯ ಮೇಲೆ. ಗಡಿ ಸ್ವಲ್ಪ ಸರಿದರೂ ಅದು ಮೊದಲು ತಿಳಿಯುವುದು ಜೀರುಂಡೆಯಲ್ಲೇ.

ಗಡಿ ಸರಿದಿತ್ತು. ಒಂದೇ ಮುದ್ರಿಕೆಯನ್ನು ಎರಡೂ ಪೆಟ್ಟಿಗೆಗೆ ಸಮನಾಗಿ ಕೊಟ್ಟರೆ ಎಡಗಡೆ ಜೀರುಂಡೆ ಕಿವಿಯ ಪಕ್ಕದಲ್ಲಿ ಕೂಗುತ್ತಿತ್ತು, ಬಲಗಡೆ ಬದುವಿನ ಆಚೆ. ಕಂಡೆನ್ಸರ್ ಬಿಚ್ಚಿ ಮೀಟರಿಗೆ ಹಿಡಿದಾಗ ಎಡದ್ದು 4.6, ಬಲದ್ದು 3.1. ಬಲಗಡೆಯ ಪೆಟ್ಟಿಗೆ ನಿಂತಿದ್ದು ಮಧ್ಯಾಹ್ನವೆಲ್ಲ ಬಿಸಿಲು ಕುಡಿಯುವ ಪಡುವಣ ಗೋಡೆಗೆ. ಎರಡೂ ಎಲೆಕ್ಟ್ರೋಲಿಟಿಕ್ ಜಾತಿಯವು: ಅಲ್ಯುಮಿನಿಯಂ ಹಾಳೆ, ಅದರ ಮೇಲೆ ಆಕ್ಸೈಡಿನ ಪೊರೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ, ಬಾಯಿಗೆ ರಬ್ಬರಿನ ಬಿರಡೆ. ಆ ಪಸೆ ವರ್ಷಗಟ್ಟಲೆ ಬಿರಡೆಯ ಮೂಲಕ ಹಾರುತ್ತಲೇ ಇರುತ್ತದೆ. ತಾಪ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧ ಎಂಬುದು ಈ ಕಸುಬಿನವರ ಲೆಕ್ಕ, ನಮ್ಮ ಮೇ ತಿಂಗಳು 43 ಡಿಗ್ರಿ ತೋರಿಸುವುದು ಯಾರಿಗೂ ಸುದ್ದಿಯೇ ಅಲ್ಲ. 3.1ಕ್ಕೆ ಇಳಿದ ಮೇಲೆ ಗಡಿ 6,400 ಹರ್ಟ್ಜ್ ಆಯಿತು. 5 ಸಾವಿರದ ಆಸುಪಾಸಿನಲ್ಲಿ ಸುಮಾರು 2 ಡೆಸಿಬೆಲ್ ಸದ್ದು ಹೋಯಿತು. ಒಣಗಿದ್ದೆಲ್ಲ ಹೀಗೆ ಇಳಿಯುತ್ತದೆ ಎಂದೇನಿಲ್ಲ. ಕೆಲವು ಅಚ್ಚಾದದ್ದಕ್ಕಿಂತ ಹೆಚ್ಚೇ ತೋರಿಸುತ್ತವೆ, ಒಳಗಿನ ಪ್ರತಿರೋಧ ಮಾತ್ರ ಬೆಳೆದಿರುತ್ತದೆ.

ಹೈ-ಫೈ ಹವ್ಯಾಸಿಗಳು ಇಂಥಲ್ಲಿ ಜರ್ಮನಿಯ ಮುಂಡಾರ್ಫ್, ಡೆನ್ಮಾರ್ಕಿನ ಯಾಂಟ್ಸೆನ್ ಎಂದು ಹೆಸರು ಹೇಳುತ್ತಾರೆ. ಪಾಲಿಪ್ರೊಪಿಲೀನ್ ಫಿಲ್ಮಿನ, ದ್ರಾವಣವೇ ಇಲ್ಲದ, ಒಣಗುವ ಮಾತೇ ಇಲ್ಲದ ಕಂಡೆನ್ಸರುಗಳು. ಅಂಥ ಒಂದು ಜೋಡಿ ತರಿಸಿದ್ದೆ. ಅಷ್ಟರಲ್ಲಿ ಜೇವರ್ಗಿಯ ಮೋಟಾರ್ ರಿವೈಂಡಿಂಗ್ ಅಂಗಡಿಯ ಹುಡುಗ ಅದನ್ನು ಕೈಯಲ್ಲಿ ತಿರುವಿ ನೋಡಿ, "ಇದು ಫ್ಯಾನಿಂದೇ ಅದಲ್ರಿ ಸರ, ಅಂಗಿ ಅಷ್ಟೇ ಬ್ಯಾರೆ" ಅಂದ. ಅವನ ಮಾತು ಬಹುಪಾಲು ನಿಜ. ಸೀಲಿಂಗ್ ಫ್ಯಾನಿನ 440 ವೋಲ್ಟಿನ ಡಬ್ಬಿಯೊಳಗಿರುವುದೂ ಲೋಹದ ಲೇಪವಿರುವ ಪಾಲಿಪ್ರೊಪಿಲೀನ್ ಹಾಳೆಯೇ. ಫಿಲ್ಮಿಗೆ ಎಲ್ಲಾದರೂ ತೂತು ಬಿದ್ದರೆ ಸುತ್ತಲಿನ ಲೇಪ ಆವಿಯಾಗಿ ಗಾಯ ತಾನೇ ಮುಚ್ಚಿಕೊಳ್ಳುತ್ತದೆ, ಪ್ರತಿ ಗಾಯಕ್ಕೂ ಒಂದಿಷ್ಟು ಧಾರಣೆ ಹೋಗುತ್ತದೆ. ಕರೆಂಟಿನ ಏರಿಳಿತಕ್ಕೆ ವರ್ಷಗಳಲ್ಲಿ ಫ್ಯಾನು ನಿಧಾನವಾಗುವುದು ಹೀಗೆ. ಸ್ಪೀಕರಿನ ಕೆಲವೇ ವೋಲ್ಟಿಗೆ ಅದಕ್ಕೆ ಗಾಯವೇ ಆಗುವುದಿಲ್ಲ. ಹುಡುಗ ಒಂದೊಂದು ಪೆಟ್ಟಿಗೆಗೂ 2.5ರದೊಂದು, 2.25ರದೊಂದು ಎತ್ತಿಕೊಟ್ಟ. ಎರಡನ್ನೂ ಸಮಾಂತರವಾಗಿ ಕಟ್ಟಿದರೆ 4.75.

ಹೋಲಿಕೆಗೆ ಹೊತ್ತು ಆರಿಸುವುದೇ ಕಷ್ಟ. ಹಗಲೆಲ್ಲ ಕೂಲರಿನ ಸದ್ದು, ಸಂಜೆ ಎಲ್ಲೋ ಒಂದು ಮೈಕು. ನಸುಕಿನಲ್ಲೇ ಕೂರಬೇಕು. ಪೆಟ್ಟಿಗೆಯ ಹಿಂದೆ ಅಳಿಯ, ಯಾವುದನ್ನು ಜೋಡಿಸಿದೆ ಎಂದು ಹೇಳದೆ ತಂತಿ ಬದಲಿಸುವವನು. ಮುಂದೆ ನಾನು, ಕಾಗದ, ಪೆನ್ಸಿಲ್. ಧ್ವನಿಯ ಗುಂಡಿ ಮುಟ್ಟುವಂತಿಲ್ಲ, ಏಕೆಂದರೆ ಒಂದು ಕೂದಲೆಳೆ ಜೋರಾದದ್ದೂ ಕಿವಿಗೆ 'ಚೆಂದ' ಎನಿಸಿಬಿಡುತ್ತದೆ.

ಒಣಗಿದ 3.1ನ್ನು ಯಾವ ಹೊತ್ತಿನಲ್ಲೂ ಗುರುತಿಸಬಹುದಿತ್ತು. ನೆಲಗುಬ್ಬಿಯ ಸಿಳ್ಳೆಯ ಮೊದಲ ಅಂಚೇ ಅದರಲ್ಲಿ ಮೊಂಡು. ಹೊಸ ಎಲೆಕ್ಟ್ರೋಲಿಟಿಕ್ ಹಾಕಿದಾಗ ಜೀರುಂಡೆ ಹತ್ತಿರ ಬಂತು, ಆದರೂ ಫಿಲ್ಮಿಗಿಂತ ತುಸು ಮೆದು. ಅದರ ಒಳಪ್ರತಿರೋಧ ಅರ್ಧ ಓಮ್. 8 ಓಮಿನ ಎದುರು ಅರ್ಧ ಡೆಸಿಬೆಲ್ ನಷ್ಟ. ಫಿಲ್ಮಿನ ಜೊತೆ ಬೇಕೆಂದೇ ಅರ್ಧ ಓಮಿನ ರೆಸಿಸ್ಟರ್ ಸೇರಿಸಿದಾಗ ನನಗೆ ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ. 'ಎಲೆಕ್ಟ್ರೋಲಿಟಿಕ್‌ನ ಬೆಚ್ಚಗಿನ ಸ್ವರ' ಎಂದು ಹೊಗಳುವವರು ಬಹುಶಃ ಈ ಅರ್ಧ ಓಮನ್ನೇ ಹೊಗಳುತ್ತಿರುತ್ತಾರೆ.

ಇನ್ನು ಫ್ಯಾನಿನ ಜೋಡಿ, ಆಮದಿನ ಜೋಡಿ. ಇವಕ್ಕಾಗಿ ಕಡಕೋಳ ಮಡಿವಾಳಪ್ಪನವರ ತತ್ವಪದದ ಭಜನೆಯ ಮುದ್ರಿಕೆ ಹಚ್ಚಿದೆ. ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕು, ಈಗ ಯಡ್ರಾಮಿಯದು. ಏಕತಾರಿ, ದಮ್ಮಡಿ, ಅದರ ಮೇಲೆ ಕಂಚಿನ ತಾಳ. ತಾಳದ ಪೆಟ್ಟಿಗಿಂತ ಅದರ ಬಾಲ ಮುಖ್ಯ: ನಾದ ಕರಗುತ್ತ ಹೋಗುವಾಗ ಕೊನೆಗೆ ಉಳಿಯುವ ಸಣ್ಣ ಗುಂಗು. ಆ ಗುಂಗು ಒಂದರಲ್ಲಿ ಉದ್ದ, ಒಂದರಲ್ಲಿ ಗಿಡ್ಡ ಎಂದು ನಾನು ಬರೆದದ್ದನ್ನೆಲ್ಲ ಅಳಿಯನ ಪಟ್ಟಿಗೆ ಹೊಂದಿಸಿ ನೋಡಿದರೆ, ಕಾಸು ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. ನೂರಾರು ಗಂಟೆ ಓಡಿದ ಮೇಲೆ ಕಂಡೆನ್ಸರ್ 'ಬಿಚ್ಚಿಕೊಳ್ಳುತ್ತದೆ' ಎಂಬ ಮಾತೂ ಇದೆ. ಅಷ್ಟು ಗಂಟೆಯಲ್ಲಿ ಪಳಗುವುದು ಕಿವಿ ಎಂದೇ ನನ್ನ ಗುಮಾನಿ.

ಋತುವಿನ ಲೆಕ್ಕ ಇದಕ್ಕಿಂತ ದೊಡ್ಡದು. ಜನವರಿಯ ನಸುಕಿನ 15 ಡಿಗ್ರಿಯಿಂದ ಮೇ ಮಧ್ಯಾಹ್ನದ 43ಕ್ಕೆ ಬಂದರೆ ಪಾಲಿಪ್ರೊಪಿಲೀನಿನ ಧಾರಣೆ ಕದಲುವುದು ಶೇ. 0.5ರಷ್ಟು. ಅದೇ ಟ್ವೀಟರಿನ ಸುರುಳಿಯ ತಾಮ್ರ ತನ್ನ ಪ್ರತಿರೋಧವನ್ನು ಶೇ. 11ರಷ್ಟು ಏರಿಸಿಕೊಳ್ಳುತ್ತದೆ, ಕಂಡೆನ್ಸರಿನದಕ್ಕಿಂತ ಇಪ್ಪತ್ತು ಪಟ್ಟು. ಆದ್ದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಕಂಡೆನ್ಸರಿನ ಹೆಸರಿಗಿಂತ ಮೊದಲು ಕೋಣೆಯ ತಾಪ ಬರೆದಿರುತ್ತದೆ, ಹಕ್ಕಿಯ ಹೆಸರಿನ ಹಿಂದೆ ಗಾಳಿಯ ದಿಕ್ಕು ಬರೆಯುವ ಹಾಗೆಯೇ.

ಈಗ ಎರಡೂ ಪೆಟ್ಟಿಗೆಯಲ್ಲಿರುವುದು ಫ್ಯಾನಿನ ಜೋಡಿಯೇ. ಬಲಗಡೆಯದನ್ನು ಪಡುವಣ ಗೋಡೆಯಿಂದ ಸರಿಸಿದ್ದಾಗಿದೆ. ಆಮದಿನದು ಡಬ್ಬಿಯಲ್ಲಿದೆ. "ಹಂಗಾದ್ರ ಇದನ್ನ ಫ್ಯಾನಿಗಿ ಹಾಕಮು ಏನ್ ಮಾಮಾ?" ಎಂದು ಅಳಿಯ ಕೇಳಿದ. ಬೇಡವೆಂದೆ. ಅದರ ಮೈಮೇಲೆ ಅಚ್ಚಾದ ವೋಲ್ಟು ಡಿ.ಸಿ.ಯದು, ಮನೆಯ ಎ.ಸಿ. ಕರೆಂಟನ್ನು ಹಗಲುರಾತ್ರಿ ತಾಳಲು ಮಾಡಿದ್ದಲ್ಲ.