ಮನೆಯಲ್ಲಿ ಕೇಳಿ ಹೇಳುತ್ತೇನೆ

ಕನ್ನಡದಲ್ಲಿ ‘ಒಕ್ಕಲು’ ಎಂಬ ಮಾತು ವಿಚಿತ್ರವಾದುದು. ಹೊಲವನ್ನು ಉಳುವವನೂ ಒಕ್ಕಲು. ಮನೆಯಲ್ಲಿ ನೆಲೆಸಿದ ಸಂಸಾರವೂ ಒಕ್ಕಲು. ಮತ್ತೊಬ್ಬರ ಸೂರಿನಡಿಯಲ್ಲಿ ಬಾಡಿಗೆ ತೆತ್ತು ಇರುವವನೂ ಒಕ್ಕಲು. ಹಾಲುಕ್ಕಿಸಿ ಹೊಸ ಮನೆಗೆ ಕಾಲಿಡುವ ಸಂಭ್ರಮವನ್ನು ಮನೆಯೊಕ್ಕಲು ಎನ್ನುತ್ತೇವೆ. ಇದ್ದ ಮನೆಯಿಂದ ಹೊರದೂಡುವುದನ್ನು ಒಕ್ಕಲೆಬ್ಬಿಸುವುದು ಎನ್ನುತ್ತೇವೆ. ನೆಲೆಯೂರುವುದಕ್ಕೂ ನೆಲೆ ತಪ್ಪುವುದಕ್ಕೂ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರಿಗೆ ಪರರ ಮನೆಯಲ್ಲಿ ಬಾಳಿದ ಅನುಭವ ಚೆನ್ನಾಗಿಯೇ ಇದ್ದಿರಬೇಕು. ಈ ಮಾತಿನ ಅರ್ಥವನ್ನು ನಾನು ನಿಘಂಟಿನಿಂದ ಕಲಿತದ್ದು ಕಡಿಮೆ. ಹನ್ನೆರಡು ವರ್ಷಗಳಲ್ಲಿ ಐದು ಮನೆಗಳನ್ನು ಬದಲಾಯಿಸಿ ಕಲಿತದ್ದೇ ಹೆಚ್ಚು. ಉಳಿದ ಅರ್ಥವನ್ನು, ನಾನೇ ಮನೆಯೊಡೆಯನಾದ ಮೇಲೆ ಕಲಿತೆ. ಈ ಎರಡನೆಯ ಪಾಠ ಮೊದಲನೆಯದಕ್ಕಿಂತ ಕಠಿನವಾದುದು.

2004ರಲ್ಲಿ ನೌಕರಿ ದೊರೆತು ಬೆಂಗಳೂರಿಗೆ ಬಂದಾಗ, ಚಾಮರಾಜಪೇಟೆ, ಹನುಮಂತನಗರ, ಗವಿಪುರಗಳ ಬೀದಿಗಳಲ್ಲಿ ಗೇಟಿಗೆ ತೂಗುಹಾಕಿದ ಹಲಗೆಗಳನ್ನು ಓದುತ್ತ ತಿರುಗುವುದೇ ನನ್ನ ಸಂಜೆಯ ಸಾಹಿತ್ಯಾಭ್ಯಾಸವಾಗಿತ್ತು. ‘ಮನೆ ಬಾಡಿಗೆಗೆ ಇದೆ’ ಎಂಬ ಮೂರು ಪದಗಳನ್ನು ಕಂಡೊಡನೆ ಹೃದಯ ಅರಳುವುದು. ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’, ‘ಸಂಸಾರಸ್ಥರಿಗೆ ಮಾತ್ರ’ ಎಂಬ ಟಿಪ್ಪಣಿಯನ್ನು ಕಂಡು ಮುದುಡುವುದು. ಹಲಗೆಯನ್ನು ದಾಟಿ ಒಳಗೆ ಹೋದರೆ ಮೌಖಿಕ ಪರೀಕ್ಷೆ. ಸಂಬಳವೆಷ್ಟು, ಮದುವೆ ಯಾವಾಗ, ಊರಿನಿಂದ ನೆಂಟರು ಎಷ್ಟು ಸಲ ಬರುತ್ತಾರೆ, ಬಂದರೆ ಎಷ್ಟು ದಿನ ಇರುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ? ಎಂ.ಎ. ಪದವಿಗಾಗಿ ನಾನು ಅಷ್ಟು ಪ್ರಶ್ನೆಗಳಿಗೆ ಉತ್ತರಿಸಿರಲಿಲ್ಲ.

ಕೊನೆಯ ಪ್ರಶ್ನೆಯೊಂದಿತ್ತು. ಕೆಲವರು ನೇರವಾಗಿಯೇ ಕೇಳುವರು: “ನಿಮ್ಮದು ಯಾವ ಜನ?” ಇನ್ನು ಕೆಲವರು ಸುಸಂಸ್ಕೃತರು, ಅವರು ಕಾಫಿಯ ಲೋಟವನ್ನು ಕೈಗಿತ್ತು, “ನಿಮ್ಮ ಮನೆದೇವರು ಯಾವುದು?” ಎಂದು ಕೇಳುವರು. ದೇವರ ಮೇಲಣ ಭಕ್ತಿಯಿಂದ ಬಂದ ಪ್ರಶ್ನೆ ಅದಲ್ಲವೆಂಬುದು ಕೇಳಿದವರಿಗೂ ಗೊತ್ತು, ಹೇಳುವವನಿಗೂ ಗೊತ್ತು. ನನ್ನ ಉತ್ತರ ಒಬ್ಬರಿಗೆ ಒಪ್ಪಿಗೆಯಾದರೆ ಮತ್ತೊಬ್ಬರಿಗೆ ಆಗುತ್ತಿರಲಿಲ್ಲ. ಒಪ್ಪಿಗೆಯಾಗದವರು ಯಾರೂ ‘ಇಲ್ಲ’ ಎನ್ನಲಿಲ್ಲ. ಎಲ್ಲರೂ ಒಂದೇ ಮಾತನ್ನು, ಬಹುಮಟ್ಟಿಗೆ ಒಂದೇ ಧ್ವನಿಯಲ್ಲಿ ಹೇಳಿದರು: “ಮನೆಯಲ್ಲಿ ಕೇಳಿ ಹೇಳುತ್ತೇನೆ.” ಏಳು ಕಡೆ ಈ ಮಾತನ್ನು ಕೇಳಿದೆ. ಯಾರೂ ಹೇಳಿಕಳುಹಿಸಲಿಲ್ಲ.

ಕೊನೆಗೆ ನನಗೆ ನೆಲೆ ಕೊಟ್ಟದ್ದು ಗವಿಪುರದ ಒಂದು ವಠಾರ. ನಡುವೆ ಅಂಗಳ, ಸುತ್ತ ನಾಲ್ಕು ಪುಟ್ಟ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಒಡತಿ ಎಪ್ಪತ್ತರ ಅಂಚಿನ ವಿಧವೆ. ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಬಾಡಿಗೆ 2,200 ರೂಪಾಯಿ. ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಮುಂಗಡ. ಅವರ ಮೊದಲನೆಯ ಅಪ್ಪಣೆ, “ಮೇಷ್ಟ್ರೇ, ಗೋಡೆಗೆ ಮೊಳೆ ಹೊಡೆಯಬೇಡಿ.” ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಅವರು ಜಗಲಿಯ ಮೇಲೆ ಕುಳಿತು ಯಾರ ಮನೆಗೆ ಎಷ್ಟು ಕೊಡ ಹೋಯಿತೆಂದು ಎಣಿಸುವರು. ನನಗೆ ಆ ಎಣಿಕೆಯನ್ನು ಕಂಡರೆ ಮೈ ಉರಿಯುತ್ತಿತ್ತು. ತೆತ್ತ ಹಣಕ್ಕೆ ಮನೆ ದೊರೆತಿದೆಯೇ ಹೊರತು ಕಾವಲಲ್ಲವೆಂದು ಮನಸ್ಸಿನಲ್ಲೇ ವಾದಿಸುತ್ತಿದ್ದೆ.

ಒಂದು ತಿಂಗಳು ನನ್ನ ಸಂಬಳ ತಡವಾಯಿತು. ಹತ್ತನೆಯ ತಾರೀಖಿನಂದು ಬಾಡಿಗೆ ಕೊಡಲು ಹೋದಾಗ ಆಕೆ ಮಾತ್ರೆಯ ಖಾಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ರಕ್ತದೊತ್ತಡದ ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ನನ್ನ ಬಾಡಿಗೆ ಬಂದ ಮೇಲೆ ತರಿಸೋಣವೆಂದು ಕಾದಿದ್ದರಂತೆ. ಆಗ ತಿಳಿಯಿತು: ನನಗೆ ಅದು ಸೂರಿನ ಬೆಲೆ, ಆಕೆಗೆ ಅದು ಪಿಂಚಣಿ. ಆ ದಿನವೇ ಉಳಿದುದನ್ನೂ ಹೇಳಿದರು. ಹಿಂದೆ ಒಬ್ಬ ಬಾಡಿಗೆದಾರ ಎಂಟು ತಿಂಗಳು ಹಣ ಕೊಡದೆ, ಬಿಡು ಎಂದರೆ ಕೋರ್ಟಿಗೆ ಹೋದನಂತೆ. ಮನೆ ಮರಳಿ ಕೈಸೇರುವುದಕ್ಕೆ ಆರು ವರ್ಷ ಹಿಡಿಯಿತಂತೆ. ಆ ಗೋಡೆಗಳಿಗೆ ಗಾರೆ ಮಾಡಿಸಿದ್ದು ಗಂಡನ ನಿವೃತ್ತಿಯ ಹಣದಲ್ಲಿ. ಮುಗಿದ ವರ್ಷವೇ ಅವರು ತೀರಿಕೊಂಡರು. ಮೊಳೆಯ ಮೇಲಣ ಆಕೆಯ ದ್ವೇಷಕ್ಕೆ ಅರ್ಥವಿತ್ತು. ನಾನು ಮನೆ ಬಿಡುವಾಗ ಆಕೆ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ನಿರ್ದಾಕ್ಷಿಣ್ಯವಾಗಿ ಹಿಡಿದುಕೊಂಡು, ಉಳಿದುದನ್ನು ಎರಡು ಸಲ ಎಣಿಸಿ ಕೊಟ್ಟರು. ಜತೆಗೆ ಒಂದು ಜಾಡಿ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಎಣಿಸದೆ ಕೊಟ್ಟರು.

ಆಕೆ ನನ್ನನ್ನು ಬೇಕಾದಷ್ಟು ಕೇಳಿದ್ದರು. ಸಂಬಳದ ಚೀಟಿ ಕೇಳಿದರು, ಕಾಲೇಜಿನ ವಿಳಾಸ ಕೇಳಿದರು, ಹಿಂದೆ ಎಲ್ಲಿದ್ದಿರಿ ಎಂದು ಕೇಳಿದರು. ಮನೆದೇವರು ಯಾವುದೆಂದು ಮಾತ್ರ ಕೇಳಲಿಲ್ಲ. ಆರು ವರ್ಷ ಕೋರ್ಟು ಅಲೆಯಿಸಿದವನು ತಮ್ಮ ಜನದವನೇ ಆಗಿದ್ದನೆಂದು ಒಮ್ಮೆ ನಗುತ್ತ ಹೇಳಿದ್ದರು.

ಈ ಇಬ್ಬರ ಜಗಳವನ್ನು ತೀರಿಸುವುದಕ್ಕೆ ಸರ್ಕಾರವೂ ಬಹುಕಾಲದಿಂದ ಶ್ರಮಿಸಿದೆ. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆದಾರನ ಕಡೆಗೆ ವಾಲಿತ್ತೆಂದು ಮನೆಯೊಡೆಯರು ನೊಂದುಕೊಂಡರು. ಅದರ ಸ್ಥಾನದಲ್ಲಿ 1999ರ ಕಾಯಿದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಆದರೆ ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಳನ್ನು ಮೀರಿದ ವಾಸದ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ನಗರಗಳಲ್ಲಿ ಅಷ್ಟು ಕಡಿಮೆಯ ಬಾಡಿಗೆ ಎಲ್ಲುಂಟು? ಹೊರಗುಳಿದವರಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನಗಳ ನೋಟೀಸು ಸಾಕೆನ್ನುತ್ತದೆ ಅದು. ನಾವೆಲ್ಲ ಬರೆದುಕೊಳ್ಳುವ ಕರಾರುಪತ್ರ ಹನ್ನೊಂದೇ ತಿಂಗಳಿಗೇಕೆ? ಒಂದು ವರ್ಷವನ್ನು ಮೀರಿದ ಗೇಣಿಪತ್ರ 1908ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗಬೇಕು. ಆ ಖರ್ಚೂ ಓಡಾಟವೂ ಬೇಡವೆಂದು ವರ್ಷಕ್ಕೆ ಒಂದು ತಿಂಗಳನ್ನು ನಾವು ಕದಿಯುತ್ತೇವೆ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯಗಳು ಅಂಗೀಕರಿಸಿದರೆ ಮಾತ್ರ ಕಾನೂನು.

ಮನೆದೇವರ ಪ್ರಶ್ನೆಗೂ ಕಾನೂನು ಇಲ್ಲದೆ ಇಲ್ಲ. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ, ಅಲ್ಲಿ ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಬಾರದೆನ್ನುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆಯ ಮನೆಯ ಹೆಸರಿಲ್ಲ. ಆದರೆ ಅಸ್ಪೃಶ್ಯತೆಯ ಕಾರಣದಿಂದ ಒಬ್ಬನು ವಾಸದ ಮನೆಯಲ್ಲಿ ನೆಲೆಸುವುದನ್ನು ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಂತೆ ದಂಡನೀಯ ಅಪರಾಧ. ಆದರೇನು? “ಮನೆಯಲ್ಲಿ ಕೇಳಿ ಹೇಳುತ್ತೇನೆ” ಎಂಬ ವಾಕ್ಯದಲ್ಲಿ ಅಪರಾಧವನ್ನು ಯಾವ ವಕೀಲ ತೋರಿಸಬಲ್ಲ? ವ್ಯಾಕರಣದ ದೃಷ್ಟಿಯಿಂದಲೂ ಅದು ನಿರ್ದೋಷವಾದ ವಾಕ್ಯ.

ನನಗೆ ಮೈಸೂರಿಗೆ ವರ್ಗವಾಯಿತು. 2016ರಲ್ಲಿ ಬ್ಯಾಂಕಿನ ಸಾಲ ತೆಗೆದು, ಊರಿನ ಅಂಚಿನ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದೆ. ಸಾಲದ ಕಂತು ತೀರಲೆಂದು ಮೇಲೊಂದು ಪುಟ್ಟ ಮನೆ. ಮೊದಲ ಬಾಡಿಗೆದಾರರಿಗೆ ಬೀಗದ ಕೈ ಕೊಡುವಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, “ಗೋಡೆಗೆ ಮೊಳೆ ಹೊಡೆಯಬೇಡಿ.” ನನ್ನಾಕೆ ಒಳಗಿನಿಂದ ಗಟ್ಟಿಯಾಗಿ ನಕ್ಕಳು. ತಿಂಗಳು ಕಳೆಯುವುದರೊಳಗೆ ನಾನು ಮೇಲಿನ ಮನೆಯ ನೀರಿನ ಸದ್ದನ್ನು ಆಲಿಸತೊಡಗಿದ್ದೆ. ಅವರು ಬಿಟ್ಟುಹೋಗಿ ಮನೆ ಖಾಲಿ ನಿಂತರೆ, ಕಂತಿನ ದಿನ ಬೆಳಗಿನ ಜಾವದಲ್ಲೇ ಎಚ್ಚರವಾಗುತ್ತಿತ್ತು. ಗವಿಪುರದ ಆ ಮುದುಕಿಯ ಭಯವೆಲ್ಲ ನನಗೆ ಪಿತ್ರಾರ್ಜಿತವೆಂಬಂತೆ ಬಂದಿತ್ತು. ಅವರ ವಿವೇಕ ಮಾತ್ರ ಬಂದಿರಲಿಲ್ಲವೆಂಬುದು 2019ರಲ್ಲಿ ತಿಳಿಯಿತು.

ಆ ವರ್ಷ ಮೇಲಿನ ಮನೆ ಖಾಲಿಯಾಗಿದ್ದಾಗ ಒಬ್ಬ ಯುವಕ ಬಂದ. ಬಾಗಿಲು ತೆರೆದರೆ ನನ್ನ ಹಳೆಯ ವಿದ್ಯಾರ್ಥಿ! ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ದೊರೆತಿದೆ, ಮದುವೆಯಾಗಿದೆ. ಹಲಗೆ ನೋಡಿ ಒಳಗೆ ಬಂದವನಿಗೆ ಇದು ನನ್ನ ಮನೆಯೆಂದು ಗೊತ್ತಿರಲಿಲ್ಲ. ಇಬ್ಬರಿಗೂ ಸಂತೋಷವಾಯಿತು. ಮನೆ ತೋರಿಸಿದೆ. ಅವನಿಗೆ ಒಪ್ಪಿಗೆಯಾಯಿತು. ಕೆಳಗೆ ಬಂದು ಕಾಫಿ ಕುಡಿಯುವಾಗ, ಲೋಟವನ್ನು ಅವನ ಕೈಗಿಡುತ್ತ, ನಾನು ಕೇಳಿದೆ: “ಅಂದಹಾಗೆ, ನಿಮ್ಮ ಮನೆದೇವರು ಯಾವುದಪ್ಪಾ?”

ಅದನ್ನು ಕೇಳಬೇಕೆಂದು ನಾನು ಯೋಚಿಸಿರಲಿಲ್ಲ. ಅದು ನಾಲಗೆಯ ತುದಿಯಲ್ಲಿ ಮೊದಲೇ ಬಂದು ಕುಳಿತಿತ್ತು. ಮನೆಬಾಗಿಲಿಗೆ ಬಂದವನನ್ನು ಯಾರ ಪೈಕಿಯೆಂದು ವಿಚಾರಿಸದೆ ನಮ್ಮವನೆಂದುಕೊಳ್ಳಬೇಕೆಂಬ ಬಸವಣ್ಣನವರ ವಚನವನ್ನು ನಾನು ಪಾಠ ಮಾಡಿದ್ದ ತರಗತಿಯಲ್ಲಿ ಈ ಹುಡುಗ ಎರಡನೆಯ ಬೆಂಚಿನಲ್ಲಿ ಕುಳಿತಿದ್ದ. ಅವನಿಗೂ ಅದು ನೆನಪಾಗಿರಬೇಕು. ಆದರೆ ಅವನು ವಚನದ ಮಾತೆತ್ತಲಿಲ್ಲ. ಲೋಟವನ್ನು ಕೆಳಗಿಟ್ಟು, ಮನೆದೇವರ ಹೆಸರನ್ನು ಹೇಳದೆ, ತನ್ನ ಜಾತಿಯ ಹೆಸರನ್ನೇ ಸ್ಪಷ್ಟವಾಗಿ ಹೇಳಿದ. ಆಮೇಲೆ, “ಇದು ಒಂಬತ್ತನೆಯ ಮನೆ ಸಾರ್” ಎಂದ. ಧ್ವನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ಒಪ್ಪಿಸುವಂತಿತ್ತು.

ನಾನು ಹೇಳಿದೆ: “ಮನೆಯಲ್ಲಿ ಕೇಳಿ ಹೇಳುತ್ತೇನೆ.”

ನಿಜವಾಗಿಯೂ ಕೇಳಿ ಹೇಳುವ ಉದ್ದೇಶದಿಂದ ಅಂದೆನೋ, ಏಳು ಮನೆಗಳಲ್ಲಿ ಕಲಿತ ಮಾತನ್ನು ಒಪ್ಪಿಸಿದೆನೋ, ಈಗಲೂ ನನಗೆ ಖಚಿತವಿಲ್ಲ. ಅವನು ಕೈಮುಗಿದು ಹೋದ. ನನ್ನಾಕೆ ಅಡಿಗೆಮನೆಯಿಂದ ಬಂದು ಖಾಲಿಯಾಗದ ಲೋಟವನ್ನು ನೋಡಿದಳು. “ನನ್ನನ್ನು ಕೇಳುವುದಕ್ಕೇನಿದೆ? ಬಾಡಿಗೆ ಕೊಡುತ್ತಾನೋ ಇಲ್ಲವೋ ಅದನ್ನು ಕೇಳಬೇಕಿತ್ತು” ಎಂದಳು. ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಬೆಳಗ್ಗೆ ಫೋನು ಮಾಡಿದೆ. “ನಿನ್ನೆ ಸಂಜೆಯೇ ಬೇರೆ ಕಡೆ ಸಿಕ್ಕಿತು ಸಾರ್, ತೊಂದರೆ ತೆಗೆದುಕೊಳ್ಳಬೇಡಿ” ಎಂದ. ಸಿಕ್ಕಿತ್ತೋ, ಇಲ್ಲ ಗುರುವಿಗೆ ಮುಜುಗರವಾಗದಿರಲೆಂದು ಹೇಳಿದನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮನೆಯೊಡೆಯನಿಗೆ ಭಯಗಳಿವೆ, ಅವು ಸುಳ್ಳಲ್ಲ. ಬಾಡಿಗೆ ತಿಂಗಳು ತಿಂಗಳಿಗೆ ಬರುವುದೇ? ಗೋಡೆ ಬಾಗಿಲು ಉಳಿಯುವುದೇ? ಬಿಡೆಂದಾಗ ಬಿಡುವನೇ? ಈ ಮೂರನ್ನು ಕೇಳುವ ಹಕ್ಕು ಅವನಿಗುಂಟು. ಹೇಳುವ ಹೊಣೆ ಬಾಡಿಗೆದಾರನಿಗುಂಟು. ಆದರೆ ಮನೆದೇವರು ಈ ಮೂರರಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಗವಿಪುರದ ಮುದುಕಿ ಆರು ವರ್ಷ ಕೋರ್ಟು ಅಲೆದು ಕಲಿತದ್ದು ಇದನ್ನೇ. ನಾನು ಪುಸ್ತಕದಲ್ಲಿ ಓದಿದ್ದೆ, ಕಲಿತಿರಲಿಲ್ಲ.

ಈಗ ನಮ್ಮ ಮೇಲಿನ ಮನೆಯಲ್ಲಿ ಒಂದು ಸಂಸಾರವಿದೆ. ಮುಂಗಡ ಎರಡು ತಿಂಗಳದು. ಬಿಡುವುದಕ್ಕೂ ಬಿಡಿಸುವುದಕ್ಕೂ ಎರಡು ತಿಂಗಳ ನೋಟೀಸು. ದುರಸ್ತಿಯಲ್ಲಿ ಯಾವುದು ಯಾರ ಪಾಲಿನದೆಂದು ಕರಾರಿನಲ್ಲಿ ಬರೆದಿದ್ದೇವೆ. ಮೊಳೆಗಳ ಬಗ್ಗೆ ಒಂದು ಷರತ್ತಿದೆ: ಬಿಡುವಾಗ ತೂತುಗಳನ್ನು ಮುಚ್ಚಿಸಿಕೊಡಬೇಕು. ಅವರ ಮನೆದೇವರು ಯಾವುದೆಂದು ನನಗೆ ಗೊತ್ತಿಲ್ಲ. ಇದರಿಂದ ಆ ಹುಡುಗನಿಗೆ ಏನೂ ದೊರೆಯಲಿಲ್ಲವೆಂಬುದು ಗೊತ್ತಿದೆ.

ಆ ವಚನವನ್ನು ನಾನು ಈಗಲೂ ಪಾಠ ಮಾಡುತ್ತೇನೆ. ಅರ್ಥ ಹೇಳುವಾಗ ಎರಡನೆಯ ಬೆಂಚಿನ ಕಡೆಗೆ ನೋಡುವುದಿಲ್ಲ.