ಹಿಮದ ಮೇಲೊಂದು ವೈದ್ಯಪಾಠ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಹೊರಡುವ ಅಥಣಿ ರಸ್ತೆ ಬಿಸಿಲಿಗೆ ಹೆಸರಾದ ಸೀಮೆಯ ರಸ್ತೆ. ಕುಮಾರವಾಲ್ಮೀಕಿಯ ತೊರವಿಯನ್ನು ದಾಟಿ ತಿಕೋಟೆಯ ಕಡೆಗೆ ಸಾಗಿದಂತೆ ಜೋಳದ ಹೊಲಗಳು, ದ್ರಾಕ್ಷಿಯ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು ಕಣ್ಣಿಗೆ ಬೀಳುತ್ತವೆ. ಬೇಸಗೆಯಲ್ಲಿ ಉಷ್ಣಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಇಲ್ಲಿಯವರಿಗೆ ಹೊಸತಲ್ಲ. ಇಂಥ ಊರಿನಲ್ಲಿ ಹಿಮವೆಂದರೆ ಸಿನಿಮಾದ ತೆರೆಯ ಮೇಲೆ ಕಂಡು ಮೆಚ್ಚತಕ್ಕ ವಸ್ತುವೇ ಹೊರತು ನಿತ್ಯ ಜೀವನಕ್ಕೆ ಸಂಬಂಧಪಟ್ಟದ್ದಲ್ಲ.

ಆದರೆ ಇದೇ ಅಥಣಿ ರಸ್ತೆಯಲ್ಲಿ 1984ರಲ್ಲಿ ಸ್ಥಾಪನೆಯಾದ ಅಲ್-ಅಮೀನ್ ವೈದ್ಯಕೀಯ ಕಾಲೇಜು ಉಂಟು. ಸೊಲ್ಲಾಪುರ ರಸ್ತೆಯಲ್ಲಿ 1986ರಲ್ಲಿ ಆರಂಭವಾದ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು ಉಂಟು. ಒಂದೇ ನಗರದಲ್ಲಿ ಎರಡು ವೈದ್ಯವಿದ್ಯಾಲಯಗಳಿದ್ದ ಮೇಲೆ ವೈದ್ಯರ ಬಳಗವೂ ದೊಡ್ಡದೇ. ಲೋಕದ ಎಲ್ಲ ವೈದ್ಯರನ್ನೂ ಕಾಡುವ ಪ್ರಶ್ನೆಯೊಂದು ಇವರನ್ನೂ ಕಾಡುತ್ತದೆ: ಪದವಿ ಕೈಗೆ ಬಂದ ಮೇಲೆ ಓದು ಮುಂದುವರಿಸುವುದು ಹೇಗೆ? ದವಾಖಾನೆಯ ಬಾಗಿಲಲ್ಲಿ ರೋಗಿಗಳು ಕುಳಿತಿರುವಾಗ ಪುಸ್ತಕ ಬಿಡಿಸುವುದು ಯಾವಾಗ?

ಈ ಪ್ರಶ್ನೆಗೆ ಪಶ್ಚಿಮದ ದೇಶಗಳಲ್ಲಿ ವಿನೋದವಾದ ಉತ್ತರವೊಂದು ಹುಟ್ಟಿಕೊಂಡಿದೆ. ವೈದ್ಯರು ರಜೆ ಹಾಕಿ ಹಿಮಪರ್ವತಕ್ಕೆ ಹೋಗುತ್ತಾರೆ. ಹಗಲೆಲ್ಲ ಮಾರ್ಗದರ್ಶಿಯ ಹಿಂದೆ ಹುಡಿಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುತ್ತಾರೆ. ಬೆಳಗಿನ ಜಾವಕ್ಕೂ ಸಂಜೆಗೂ ಉಪನ್ಯಾಸ ಕೇಳುತ್ತಾರೆ. ವಿಹಾರವೂ ಆಯಿತು, ವಿದ್ಯೆಯೂ ಆಯಿತು. ಇದು ನಿಜವಾದ ಶಿಕ್ಷಣವೋ, ಶಿಕ್ಷಣದ ಹೊದಿಕೆ ಹೊದ್ದ ಮೋಜೋ? ಬಿಸಿಲು ನಾಡಿನ ವೈದ್ಯನಿಗೆ ಇದರಿಂದ ಆಗಬೇಕಾದುದೇನಾದರೂ ಇದೆಯೇ?

ಮೂವತ್ತು ಗಂಟೆಗಳ ಕಟ್ಟಳೆ

ವೈದ್ಯರು ಓದನ್ನು ಬಿಡಬಾರದೆಂಬುದು ಬರಿಯ ಹಿತವಚನವಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿಧರ್ಮದ ನಿಯಮಗಳು ಪ್ರತಿಯೊಬ್ಬ ವೈದ್ಯನೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಕಾಲ ನಿರಂತರ ವೈದ್ಯಕೀಯ ಶಿಕ್ಷಣದ ಸಭೆಗಳಲ್ಲಿ ಭಾಗವಹಿಸಬೇಕೆಂದು ವಿಧಿಸಿವೆ. ವೈದ್ಯರ ಬಾಯಲ್ಲಿ ಇದರ ಹೆಸರು ‘ಸಿ.ಎಂ.ಇ.’ ಕರ್ನಾಟಕದಲ್ಲಿ ಇಂಥ ಸಭೆಗಳಿಗೆ ಮನ್ನಣೆ ನೀಡಿ, ಯಾವುದಕ್ಕೆ ಎಷ್ಟು ಅಂಕವೆಂದು ಗೊತ್ತುಪಡಿಸುವುದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕೆಲಸ.

ಲೆಕ್ಕ ಹಾಕಿದರೆ ಐದು ವರ್ಷಕ್ಕೆ 30 ಗಂಟೆ ಎಂದರೆ ವರ್ಷಕ್ಕೆ ಆರೇ ಗಂಟೆ. ಊರಿನ ಸಭಾಂಗಣದಲ್ಲಿ ಒಂದು ಭಾನುವಾರ ಕುಳಿತರೆ ಆ ವರ್ಷದ ಋಣ ತೀರಿತು. ಆದ್ದರಿಂದ ನಿಯಮಕ್ಕಾಗಿಯೇ ಯಾರೂ ಹಿಮಾಲಯ ಹತ್ತಬೇಕಾಗಿಲ್ಲ. ಹತ್ತುವುದಾದರೆ ಅಲ್ಲಿ ಮಾತ್ರ ಕಲಿಯಬಹುದಾದುದು ಏನಾದರೂ ಇರಬೇಕು.

ಹಿಮವೇ ಗುರುವಾದಾಗ

ಅಂಥದು ಇದೆ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಅಮೆರಿಕದ ಕೊಲರಾಡೋ ಸಂಸ್ಥಾನದಲ್ಲಿ ಆಸ್ಪೆನ್ ಎಂಬ ಸ್ಕೀ ಆಟದ ಊರಿದೆ. ಅಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಚಾರ್ಲ್ಸ್ ಹ್ಯೂಸ್ಟನ್ ಸ್ವತಃ ಪರ್ವತಾರೋಹಿ. 1953ರಲ್ಲಿ ಕೆ-2 ಶಿಖರಕ್ಕೆ ಹೊರಟ ಅಮೆರಿಕನ್ ತಂಡದ ನಾಯಕ. ಎತ್ತರದ ಬೆಟ್ಟದಲ್ಲಿ ಸ್ಕೀ ಮಾಡುತ್ತಿದ್ದ ಗಟ್ಟಿಮುಟ್ಟಾದ ತರುಣನೊಬ್ಬ ಉಸಿರು ಕಟ್ಟಿ, ಶ್ವಾಸಕೋಶದಲ್ಲಿ ನೀರು ತುಂಬಿ ಇವನ ಕೈಗೆ ಬಂದ. ನ್ಯುಮೋನಿಯಾ ಎಂದು ತಳ್ಳಿಹಾಕಬಹುದಾಗಿದ್ದ ರೋಗ ಅದು. ಹ್ಯೂಸ್ಟನ್ ಹಾಗೆ ಮಾಡಲಿಲ್ಲ. ಹೃದಯ ಸರಿಯಾಗಿದ್ದರೂ ಕೇವಲ ಎತ್ತರದ ಕಾರಣದಿಂದ ಶ್ವಾಸಕೋಶದಲ್ಲಿ ದ್ರವ ತುಂಬಬಹುದೆಂದು 1960ರಲ್ಲಿ ಬರೆದು ಪ್ರಕಟಿಸಿದ. ಪೆರು ದೇಶದ ವೈದ್ಯರು ಇದನ್ನು ಮೊದಲೇ ಕಂಡಿದ್ದರು. ಆದರೆ ಉಳಿದ ಲೋಕದ ವೈದ್ಯರ ಗಮನ ಅತ್ತ ಹರಿದದ್ದು ಈ ಬರಹದಿಂದ.

ಎರಡೇ ವರ್ಷಗಳಲ್ಲಿ ಭಾರತಕ್ಕೆ ಆ ಜ್ಞಾನದ ಅಗತ್ಯ ಬಿತ್ತು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲು ಸೀಮೆಯ ಸೈನಿಕರನ್ನು ಇದ್ದಕ್ಕಿದ್ದಂತೆ ಹಿಮಾಲಯದ ನೆತ್ತಿಗೆ ಕಳುಹಿಸಬೇಕಾಯಿತು. ಶತ್ರುವಿನ ಗುಂಡಿಗಿಂತ ಮೊದಲೇ ಗಾಳಿಯ ತೆಳುವು ಅನೇಕರನ್ನು ಕೆಡವಿತು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 11,000ದಿಂದ 18,000 ಅಡಿಗಳ ನಡುವೆ ಕಾಯಿಲೆ ಬಿದ್ದ 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ವರದಿಯನ್ನು ಈ ವಿಷಯದ ಅಭ್ಯಾಸಿಗಳು ಇಂದಿಗೂ ಓದುತ್ತಾರೆ.

ಹೀಗೆ ಪರ್ವತವೈದ್ಯ ಎಂಬ ಶಾಖೆ ಬೆಳೆಯುತ್ತಿದ್ದ ಕಾಲದಲ್ಲೇ ಹಿಮವಿಹಾರವೂ ಬೆಳೆಯಿತು. 1965ರಲ್ಲಿ ಹಾನ್ಸ್ ಗ್ಮೋಸರ್ ಎಂಬ ಮಾರ್ಗದರ್ಶಿ ಕೆನಡಾದ ಬುಗಾಬೂ ಪರ್ವತಗಳಿಗೆ ಆಟಗಾರರನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ಯಲು ಆರಂಭಿಸಿದ. 1971ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನ ವೈದ್ಯರಿಗೆ ನಿರಂತರ ಶಿಕ್ಷಣವನ್ನು ಕಡ್ಡಾಯ ಮಾಡಿತು. ಇತರ ಸಂಸ್ಥಾನಗಳು ಅದನ್ನು ಹಿಂಬಾಲಿಸಿದವು. 1983ರಲ್ಲಿ ಅರಣ್ಯ, ಪರ್ವತ, ಮರುಭೂಮಿಗಳಲ್ಲಿ ಚಿಕಿತ್ಸೆ ಮಾಡುವ ವಿದ್ಯೆಗೆಂದೇ ‘ವೈಲ್ಡರ್‌ನೆಸ್ ಮೆಡಿಕಲ್ ಸೊಸೈಟಿ’ ಸ್ಥಾಪನೆಯಾಯಿತು. ಆಟ, ಕಟ್ಟಳೆ, ವಿದ್ಯೆ ಮೂರೂ ಒಂದೆಡೆ ಕೂಡಿದಾಗ ಹಿಮದ ಮೇಲಿನ ಪಾಠಶಾಲೆ ಹುಟ್ಟಿದ್ದು ಸಹಜವೇ.

ಗುಲ್ಮಾರ್ಗದ ಹುಡಿಹಿಮ

ನಮ್ಮ ದೇಶದಲ್ಲಿ ಇದಕ್ಕೆ ತಕ್ಕ ಸ್ಥಳ ಕಾಶ್ಮೀರದ ಗುಲ್ಮಾರ್ಗ. 1927ರಲ್ಲೇ ಬ್ರಿಟಿಷರು ಅಲ್ಲಿ ಸ್ಕೀ ಸಂಘ ಕಟ್ಟಿದ್ದರು. ಭಾರತ ಸರ್ಕಾರದ ಸ್ಕೀ ಶಿಕ್ಷಣ ಸಂಸ್ಥೆ ಅಲ್ಲಿಯೇ ಇದೆ. 2020ರಲ್ಲಿ ಮೊದಲ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ನಡೆದದ್ದೂ ಅಲ್ಲಿಯೇ. ಮೆಡಿಟರೇನಿಯನ್ ಕಡೆಯಿಂದ ಬೀಸಿ ಬರುವ ಚಳಿಗಾಲದ ಮಾರುತಗಳು ತೇವವನ್ನು ಹೊತ್ತು ತಂದು ಪೀರ್ ಪಂಜಾಲ್ ಶ್ರೇಣಿಗೆ ಸುರಿಯುತ್ತವೆ. ಕಡುಚಳಿಯಲ್ಲಿ ಬಿದ್ದ ಆ ಹಿಮ ಒಣಗಿ ಹಗುರಾಗಿ, ಹಿಡಿದರೆ ಉಂಡೆಯಾಗದೆ ಬೆರಳ ಸಂದಿಯಿಂದ ಜೋಳದ ಹಿಟ್ಟಿನಂತೆ ಉದುರುತ್ತದೆ. ಇದಕ್ಕೇ ಹುಡಿಹಿಮವೆಂದು ಹೆಸರು. ಅಗಲವಾದ ಸ್ಕೀ ಕಟ್ಟಿಕೊಂಡು ಇದರ ಮೇಲೆ ತೇಲುವ ಸುಖಕ್ಕಾಗಿ ದೂರ ದೂರದ ದೇಶಗಳ ಆಟಗಾರರು ಬರುತ್ತಾರೆ.

ಆದರೆ ಸುಖದ ಬೆನ್ನಿಗೆ ಅಪಾಯವೂ ಇದೆ. ವಿಜಯಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿ. ಗುಲ್ಮಾರ್ಗ 8,700 ಅಡಿಯಲ್ಲಿ. ಅಲ್ಲಿಂದ ಅಫರ್ವತ್ ಬೆಟ್ಟಕ್ಕೆ ತಂತಿಯ ಮೇಲೆ ಸಾಗುವ ಗೊಂಡೋಲದ ಎರಡನೆಯ ಹಂತ 2005ರಲ್ಲಿ ಆರಂಭವಾಯಿತು. ಅದರಲ್ಲಿ ಕುಳಿತವನು ಅರ್ಧ ಗಂಟೆಗೂ ಕಡಿಮೆ ಪಯಣದಲ್ಲಿ ಸುಮಾರು 13,000 ಅಡಿಗೆ ಏರಿಬಿಡುತ್ತಾನೆ. ಸಮುದ್ರ ತೀರದಲ್ಲಿ ಒಂದು ಉಸಿರಿಗೆ ಸಿಕ್ಕುವ ಆಮ್ಲಜನಕದಲ್ಲಿ ಐದರಲ್ಲಿ ಮೂರು ಪಾಲು ಮಾತ್ರ ಅಲ್ಲಿ ದೊರಕುವುದು. ಕಾಲು ಓಡಿದಷ್ಟು ಬೇಗ ರಕ್ತ ಒಗ್ಗಿಕೊಳ್ಳುವುದಿಲ್ಲ.

ಹಿಮಪಾತದ ಭಯ ಇದಕ್ಕೂ ದೊಡ್ಡದು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹೊಸ ಹಿಮ ಕೂತಿದ್ದರೆ ಒಬ್ಬ ಮನುಷ್ಯನ ಭಾರಕ್ಕೇ ಇಡೀ ಪದರು ಕುಸಿದು ಹರಿಯಬಹುದು. 2023ರ ಫೆಬ್ರವರಿಯಲ್ಲಿ ಅಫರ್ವತ್ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯದ ಒಬ್ಬರು ಹೀಗೆಯೇ ಪ್ರಾಣ ಬಿಟ್ಟರು. ಹುಡಿಹಿಮಕ್ಕೆ ಬಲ್ಲ ಮಾರ್ಗದರ್ಶಿಯಿಲ್ಲದೆ ಇಳಿಯಬಾರದೆಂಬ ಮಾತು ಬಂದದ್ದು ಈ ಕಾರಣದಿಂದಲೇ. ಹಿಮವನ್ನೇ ಕಾಣದ ಹೊಸಬನಂತೂ ಮೊದಲು ಮೈದಾನದ ಸಣ್ಣ ಇಳಿಜಾರಿನಲ್ಲಿ ಬೀಳುವುದನ್ನೂ ಏಳುವುದನ್ನೂ ಕಲಿಯತಕ್ಕದ್ದು.

ಹದಿನೈದು ನಿಮಿಷಗಳ ಬೆಲೆ

ಹಿಮದಡಿಯಲ್ಲಿ ಹೂತವರ ಲೆಕ್ಕವನ್ನು ಸ್ವಿಟ್ಜರ್ಲೆಂಡಿನ ದಾಖಲೆಗಳಿಂದ ತೆಗೆದು 1994ರಲ್ಲಿ ಪ್ರಕಟಿಸಲಾಯಿತು. 15 ನಿಮಿಷದೊಳಗೆ ಅಗೆದು ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ; 35 ನಿಮಿಷವಾದರೆ ಉಳಿಯುವವರು ಸುಮಾರು ಮೂವರು. ದೂರದ ಆಸ್ಪತ್ರೆಯಿಂದ ಸಹಾಯ ಬರುವವರೆಗೆ ಕಾಯುವಂತಿಲ್ಲ. ಪಕ್ಕದಲ್ಲಿದ್ದವನೇ ವೈದ್ಯ, ಅವನ ಗುದ್ದಲಿಯೇ ಔಷಧ. ಪ್ರತಿಯೊಬ್ಬನೂ ಸಂಜ್ಞೆ ಹೊರಡಿಸುವ ಸಣ್ಣ ರೇಡಿಯೋ ಯಂತ್ರ, ಹಿಮವನ್ನು ಚುಚ್ಚಿ ನೋಡುವ ಉದ್ದ ಸಲಾಕೆ, ಗುದ್ದಲಿ ಈ ಮೂರನ್ನೂ ಹೊತ್ತಿರಬೇಕೆಂಬ ನಿಯಮ ಹುಟ್ಟಿದ್ದು ಹೀಗೆ.

ಈ ವಿಷಯ ಕನ್ನಡಿಗರಿಗೆ ಪರಕೀಯವಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸುಮಾರು 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಯೋಧರು ಹೂತುಹೋದರು. ಎಲ್ಲರೂ ತೀರಿಕೊಂಡರೆಂದು ತಿಳಿದಿದ್ದಾಗ, ಆರನೆಯ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ನಾಡಿಗೆ ನಾಡೇ ಪ್ರಾರ್ಥಿಸಿತು. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ಕೊನೆಯುಸಿರೆಳೆದರು. ಶೀತ ದೇಹವನ್ನು ಕೆಲಮಟ್ಟಿಗೆ ಕಾಯುತ್ತದೆ, ಕೊನೆಗೆ ಕೊಲ್ಲುತ್ತದೆ. ಆ ಎರಡರ ನಡುವಣ ಗೆರೆಯನ್ನು ಅರಿಯುವುದೇ ಪರ್ವತವೈದ್ಯದ ಕಠಿಣ ಪಾಠ.

ಆ ಗೆರೆ ಎಷ್ಟು ದೂರ ಸರಿಯಬಲ್ಲದೆಂಬುದನ್ನು ತೋರಿಸಿದವಳೂ ಒಬ್ಬ ವೈದ್ಯೆಯೇ. ಸ್ವೀಡನ್ನಿನ ಆನ್ನಾ ಬೋಗೆನ್‌ಹೋಮ್ 1999ರ ಮೇ ತಿಂಗಳಲ್ಲಿ ನಾರ್ವೆಯ ನಾರ್ವಿಕ್ ಬಳಿ ಸಹೋದ್ಯೋಗಿಗಳೊಡನೆ ಸ್ಕೀ ಮಾಡುತ್ತಿದ್ದಾಗ ಜಾರಿ, ಮಂಜುಗಡ್ಡೆ ಕಟ್ಟಿದ ತೊರೆಯೊಳಕ್ಕೆ ಸಿಕ್ಕಿಕೊಂಡಳು. 80 ನಿಮಿಷ ನೀರಿನಲ್ಲಿದ್ದ ಅವಳ ದೇಹದ ಉಷ್ಣಮಾನ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಟ್ರೋಮ್ಸೋ ಆಸ್ಪತ್ರೆಯ ವೈದ್ಯರು ಕೈಬಿಡದೆ ರಕ್ತವನ್ನು ಯಂತ್ರದ ಮೂಲಕ ಮೆಲ್ಲನೆ ಬೆಚ್ಚಗೆ ಮಾಡಿದರು. ಅವಳು ಬದುಕಿದಳು, ಮುಂದೆ ಅದೇ ಆಸ್ಪತ್ರೆಯಲ್ಲಿ ವೈದ್ಯೆಯಾದಳು. ತಣ್ಣಗಾದ ದೇಹವನ್ನು ಬೆಚ್ಚಗಾಗಿಸಿ ನೋಡುವ ಮೊದಲು ಆಸೆ ಬಿಡಬಾರದೆಂಬುದನ್ನು ಈ ಒಂದು ಉದಾಹರಣೆ ವೈದ್ಯಲೋಕಕ್ಕೆ ಮನದಟ್ಟು ಮಾಡಿಕೊಟ್ಟಿತು.

ಬಿಸಿಲು ನಾಡಿಗೆ ಪ್ರಯೋಜನ

ಇಷ್ಟೆಲ್ಲ ಕಲಿತ ವೈದ್ಯ ಊರಿಗೆ ಮರಳಿ ಮಾಡುವುದೇನು? ಅಥಣಿ ರಸ್ತೆಯಲ್ಲಿ ಹಿಮ ಬೀಳುವುದಿಲ್ಲ. ಬಿಸಿಲಿನ ಹೊಡೆತ, ಹಾವಿನ ಕಡಿತ, ಹೊಲಕ್ಕೆ ಸಿಂಪಡಿಸುವ ವಿಷದ ಬಾಧೆ ಇವೇ ನಿತ್ಯದ ಕಥೆ. ನಿಜ. ಆದರೆ ಇಲ್ಲಿಯ ಮನೆಗಳಿಂದ ವರ್ಷ ವರ್ಷವೂ ಹಿರಿಯರು ಕೇದಾರ, ಬದರಿ, ಅಮರನಾಥಗಳಿಗೆ ಹೊರಡುತ್ತಾರೆ. ಕೇದಾರನಾಥ 11,700 ಅಡಿಗೂ ಮೇಲೆ. ಅಮರನಾಥದ ಗುಹೆ 12,700 ಅಡಿಗೂ ಮೇಲೆ. ಅಮರನಾಥ ಯಾತ್ರೆಗೆ ಅಧಿಕೃತ ವೈದ್ಯರ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಆ ಕಾಗದಕ್ಕೆ ರುಜು ಹಾಕುವ ಕೈ ನಮ್ಮೂರಿನ ವೈದ್ಯರದೇ. ಅವರಿಗೆ ಎತ್ತರದ ಸ್ವಭಾವ ತಿಳಿದಿದ್ದರೆ ಆ ರುಜುವಿಗೆ ಅರ್ಥ ಬರುತ್ತದೆ.

10,000 ಅಡಿ ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳವನ್ನು ದಿನಕ್ಕೆ ಸುಮಾರು 1,600 ಅಡಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ನಿಂತು ವಿಶ್ರಮಿಸಬೇಕು ಎಂಬುದು ಬಲ್ಲವರ ಸೂತ್ರ. ಗೌರೀಕುಂಡದ 6,500 ಅಡಿಯಿಂದ ಒಂದೇ ಹಗಲಿನಲ್ಲಿ ಕೇದಾರಕ್ಕೆ ಏರುವ, ಅಥವಾ ಹೆಲಿಕಾಪ್ಟರಿನಲ್ಲಿ ಹಾರಿ ಇಳಿಯುವ ಯಾತ್ರಿಕ ಈ ಸೂತ್ರವನ್ನು ಗಾಳಿಗೆ ತೂರಿದಂತೆಯೇ. ತಲೆನೋವು, ವಾಕರಿಕೆ, ನಿದ್ರೆಯಿಲ್ಲದಿರುವಿಕೆ ಮೊದಲ ಎಚ್ಚರಿಕೆ. ಕುಳಿತಲ್ಲೇ ಏದುಸಿರು, ಒದ್ದೆ ಕೆಮ್ಮು, ತಡವರಿಸುವ ನಡಿಗೆ, ಮಂಕು ಕಂಡರೆ ದೇವರ ದರ್ಶನಕ್ಕೂ ಕಾಯದೆ ಕೆಳಗಿಳಿಸಬೇಕು. ಇಳಿಯುವುದೇ ಮೊದಲ ಚಿಕಿತ್ಸೆ. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ ಉಳ್ಳವರು ಹೊರಡುವ ಮುನ್ನವೇ ಮನೆಯ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು.

ಖರ್ಚು ಯಾರದು?

ಕೊನೆಗೆ ಉಳಿಯುವುದು ಹಣದ ಮಾತು. ವಿಹಾರ ಮತ್ತು ವಿದ್ಯೆ ಒಂದೇ ಗಾಡಿ ಹತ್ತಿದಾಗ ಟಿಕೆಟ್ಟು ಕೊಳ್ಳುವವರಾರೆಂದು ಲೋಕ ಕೇಳುವುದು ನ್ಯಾಯವೇ. ವೈದ್ಯರು ಔಷಧ ಕಂಪನಿಗಳಿಂದ ಪ್ರವಾಸದ ಖರ್ಚನ್ನಾಗಲಿ ಆತಿಥ್ಯವನ್ನಾಗಲಿ ಪಡೆಯಬಾರದೆಂದು ವೈದ್ಯಕೀಯ ಪರಿಷತ್ತು 2009ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಇಂಥ ಉಡುಗೊರೆಗಳ ಖರ್ಚನ್ನು ಕಂಪನಿಗಳು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲವೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿ 22ರಂದು ತೀರ್ಪು ನೀಡಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸಂಹಿತೆ ಔಷಧ ಕಂಪನಿಗಳು ವಿದೇಶಗಳಲ್ಲಿ ಇಂಥ ಶಿಕ್ಷಣ ಸಭೆ ನಡೆಸುವುದನ್ನು ನಿಷೇಧಿಸಿತು. ಪ್ರವಾಸದ ಋಣ ಔಷಧದ ಚೀಟಿಯ ಮೇಲೆ ತೀರಬಾರದು. ತೀರಿದರೆ ಅದನ್ನು ತೆರುವವನು ರೋಗಿ.

ಸ್ವಂತ ಹಣದಿಂದ, ಬದಲಿ ವೈದ್ಯರನ್ನು ದವಾಖಾನೆಯಲ್ಲಿ ನಿಲ್ಲಿಸಿ, ಮಾನ್ಯತೆಯುಳ್ಳ ಸಭೆಗೆ ಹೋಗಿ, ಪಾಠದ ಹೊತ್ತಿಗೆ ಪಾಠದಲ್ಲಿಯೂ ಆಟದ ಹೊತ್ತಿಗೆ ಆಟದಲ್ಲಿಯೂ ಮನಸ್ಸಿಟ್ಟ ವೈದ್ಯನನ್ನು ಯಾರೂ ಆಕ್ಷೇಪಿಸಲಾರರು. ಹಗಲಿರುಳು ದುಡಿದು ಬಳಲಿದ ಜೀವಕ್ಕೆ ವಿಶ್ರಾಂತಿಯೂ ಬೇಕು. ದಣಿದ ವೈದ್ಯನ ಕೈಗಿಂತ ತಣಿದ ವೈದ್ಯನ ಕೈ ರೋಗಿಗೂ ಕ್ಷೇಮಕರ. ಆದರೆ ಅಂಥ ಪ್ರವಾಸದ ಬೆಲೆಯನ್ನು ಅಳೆಯಬೇಕಾದುದು ಕೈಗೆ ಬಂದ ಪ್ರಮಾಣಪತ್ರದಿಂದಲ್ಲ. ಮುಂದಿನ ಆಷಾಢದಲ್ಲಿ ಅರವತ್ತು ದಾಟಿದ ತಾಯಿಯೊಬ್ಬಳು ಅಮರನಾಥದ ಅರ್ಜಿ ಹಿಡಿದು ಎದುರಿಗೆ ಕುಳಿತಾಗ, ವೈದ್ಯ ರುಜು ಹಾಕುವ ಮುನ್ನ ಆಕೆಯನ್ನು ಎಷ್ಟು ಪ್ರಶ್ನೆ ಕೇಳುತ್ತಾನೆ ಎಂಬುದರಿಂದ.