ಇದ್ದಿಲಿಗೆ ಅಂಟದ ವಿಷ

ಹೊಲಕ್ಕೆ ಹಾಕಿದ ಪೀಡೆನಾಶಕವೆಲ್ಲ ಹೊಲದಲ್ಲೇ ಉಳಿಯುವುದಿಲ್ಲ. ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಮಣ್ಣಿಗಿಳಿಯುತ್ತದೆ, ಮತ್ತೊಂದಷ್ಟು ಜೋರು ಮಳೆಯೊಂದಿಗೆ ಹಳ್ಳಕ್ಕೆ ಹರಿದು, ನದಿ ಸೇರಿ, ಊರಿಗೆ ನೀರುಣಿಸುವ ಜಲಾಶಯವನ್ನು ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಅದರ ಪ್ರಮಾಣ ಅತ್ಯಲ್ಪ. ಕುಡಿಯುವ ನೀರಿನಲ್ಲಿರುವ ಬಹುತೇಕ ಪ್ರತಿಯೊಂದು ಪೀಡೆನಾಶಕಕ್ಕೂ ಯುರೋಪು ಇಟ್ಟಿರುವ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ, ಎಂದರೆ ಒಂದು ಕೋಟಿ ಲೀಟರ್ ನೀರಿಗೆ ಒಂದೇ ಗ್ರಾಂ. ಇಷ್ಟನ್ನು ಅಳೆಯುವುದೇ ದೊಡ್ಡ ಸಾಧನೆ. ತೆಗೆಯುವುದು ಅದಕ್ಕಿಂತ ಕಷ್ಟ.

ನೀರು ಶುದ್ಧೀಕರಣದ ರೂಢಿಯ ಕ್ರಮ ಈ ಕೆಲಸಕ್ಕೆಂದು ಹುಟ್ಟಿದ್ದಲ್ಲ. ಆಲಂ ಬೆರೆಸಿ ಕೆಸರಿನ ಕಣಗಳನ್ನು ಗಂಟುಕಟ್ಟಿಸಿ ತಳಕ್ಕಿಳಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್‌ನಿಂದ ರೋಗಾಣುಗಳನ್ನು ಕೊಲ್ಲುವುದು ಇಲ್ಲಿನ ಹಂತಗಳು. ಡಿಡಿಟಿಯಂತೆ ನೀರಿನಲ್ಲಿ ಕರಗಲೊಲ್ಲದ ರಾಸಾಯನಿಕಗಳು ಕೆಸರಿಗೆ ಅಂಟಿಕೊಂಡಿರುವುದರಿಂದ ಅದರ ಜೊತೆಗೆ ಒಂದಿಷ್ಟು ಹೊರಬೀಳುತ್ತವೆ. ಅಟ್ರಜಿನ್‌ನಂಥ ಕಳೆನಾಶಕ ಮಾತ್ರ ನೀರಿನಲ್ಲಿ ಕರಗಿದ್ದು, ಮರಳನ್ನು ಸಲೀಸಾಗಿ ದಾಟುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ನೀರಷ್ಟೇ ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ.

ಇಂಥದ್ದನ್ನು ಹಿಡಿಯಲು ಜಗತ್ತು ನೆಚ್ಚಿರುವುದು ಸಕ್ರಿಯ ಇಂಗಾಲವನ್ನು. ತೆಂಗಿನ ಚಿಪ್ಪನ್ನೋ ಕಲ್ಲಿದ್ದಲನ್ನೋ ಗಾಳಿಯಾಡದಂತೆ ಸುಟ್ಟು, ಆ ಇದ್ದಿಲಿಗೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದರೆ, ಹಬೆ ಇಂಗಾಲವನ್ನು ಒಳಗಿನಿಂದ ಕೊರೆಯುತ್ತಾ ಹೋಗುತ್ತದೆ. ಉಳಿಯುವುದು ರಂಧ್ರಗಳದ್ದೇ ಒಂದು ಜಾಲ. ಚಿಪ್ಪಿನ ಇದ್ದಿಲಿನಲ್ಲಿ ಆ ರಂಧ್ರಗಳಲ್ಲಿ ಹೆಚ್ಚಿನವುಗಳ ಅಗಲ ಎರಡು ನ್ಯಾನೋಮೀಟರ್‌ಗೂ ಕಡಿಮೆ. ಪೀಡೆನಾಶಕದ ಅಣು ಹೊಕ್ಕು ಕೂರುವಷ್ಟು ಮಾತ್ರ. ಇಂಥ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಲು ಸಾಧ್ಯವಿದ್ದರೆ ಅದು ಸುಮಾರು ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನಿನಷ್ಟಾಗುತ್ತದೆ. ನೀರಿನೊಂದಿಗೆ ಅಷ್ಟಾಗಿ ಹೊಂದದ ಅಣುಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಅಧಿಶೋಷಣೆ ಎಂದರೆ ಇದೇ.

ಆದರೆ ನದಿನೀರಿನಲ್ಲಿ ಪೀಡೆನಾಶಕವೊಂದೇ ಇರುವುದಿಲ್ಲ. ಕೊಳೆತ ಎಲೆಗಳಿಂದ ಬಂದ ಸಾವಯವ ವಸ್ತು ಅದರ ಸಾವಿರಾರು ಪಟ್ಟು ಇದ್ದು, ರಂಧ್ರಗಳ ಬಾಯಿಗಳನ್ನು ಮೊದಲೇ ಆಕ್ರಮಿಸಿಕೊಳ್ಳುತ್ತದೆ. ಇದ್ದಿಲು ತುಂಬಿಹೋದದ್ದನ್ನು ನೀರಿನ ಬಣ್ಣವಾಗಲಿ ರುಚಿಯಾಗಲಿ ಹೇಳುವುದಿಲ್ಲ, ಪ್ರಯೋಗಾಲಯವೇ ಹೇಳಬೇಕು. ಆಗ ಇದ್ದಿಲನ್ನು ಹೊರತೆಗೆದು ಮತ್ತೆ ಕುಲುಮೆಗೆ ಹಾಕಬೇಕಾಗುತ್ತದೆ.

ಹಿಡಿಯುವ ಬದಲು ಒಡೆದುಬಿಡುವುದು ಇನ್ನೊಂದು ದಾರಿ. ಓಝೋನ್ ಹಾಯಿಸುವ ಘಟಕಗಳಿವೆ. ನೆದರ್ಲೆಂಡ್ಸ್‌ನ ಆಂಡೈಕ್‌ನಲ್ಲಿ 2004ರಿಂದ ನೇರಳಾತೀತ ಬೆಳಕು ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಜೊತೆಗೂಡಿ ಈ ಕೆಲಸ ಮಾಡುತ್ತಿವೆ. ಅರೆಬರೆ ಒಡೆದ ಅಣು ಮಾತ್ರ ಅಪಾಯಕಾರಿಯಾಗಬಲ್ಲದು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವಿರುವ ನೀರಿಗೆ ಕ್ಲೋರಿನ್ ಸೇರಿಸಿದಾಗ ಅದರ ಅಣುವಿನಲ್ಲಿ ರಂಜಕಕ್ಕೆ ಜೋಡಿಯಾಗಿದ್ದ ಒಂದು ಗಂಧಕದ ಪರಮಾಣು ಹೋಗಿ ಆ ಜಾಗಕ್ಕೆ ಆಮ್ಲಜನಕ ಬರುತ್ತದೆ. ಬದಲಾದದ್ದು ಅಷ್ಟೇ, ಆದರೆ ಹೀಗೆ ಹುಟ್ಟಿದ ಆಕ್ಸಾನ್ ಮೂಲಕ್ಕಿಂತ ಬಹಳ ಬಲವಾದ ನರವಿಷ. ಜರ್ಮನಿಯಲ್ಲಿ ಟಾಲಿಲ್‌ಫ್ಲುವಾನಿಡ್ ಎಂಬ ಶಿಲೀಂಧ್ರನಾಶಕದ ಉಳಿಕೆಯೊಂದು ಓಝೋನ್ ತಾಗಿ ಕ್ಯಾನ್ಸರ್‌ಕಾರಕವಾದ ಎನ್‌ಡಿಎಂಎ ಆಗುತ್ತಿತ್ತು. ಶುದ್ಧಿ ಮಾಡುವ ಕ್ರಿಯೆಯೇ ವಿಷವನ್ನು ಹುಟ್ಟಿಸುತ್ತಿದ್ದುದು ಬೆಳಕಿಗೆ ಬಂದಮೇಲೆ, 2007ರಲ್ಲಿ ಆ ಔಷಧಿಯ ಬಳಕೆಗೆ ತಡೆ ಬಿತ್ತು.

ಬ್ರಿಟನ್ನಿನ ಮೆಟಾಲ್ಡಿಹೈಡ್ ಪ್ರಕರಣ ಇವೆಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ ಎನ್ನಬೇಕು. ಗೋಧಿ ಮತ್ತು ರೇಪ್ ಎಣ್ಣೆಕಾಳಿನ ಎಳೆ ಪೈರನ್ನು ಮೇಯುವ, ಚಿಪ್ಪಿಲ್ಲದ ಬಸವನಹುಳುಗಳಿಗೆಂದು ರೈತರು ಶರತ್ಕಾಲದಲ್ಲಿ ಇದರ ಗುಳಿಗೆಗಳನ್ನು ಎರಚುತ್ತಿದ್ದರು. ಮಳೆ ಬರುವುದೂ ಆಗಲೇ. ಇದು ಪುಟ್ಟ ಅಣು, ನೀರೆಂದರೆ ಇದಕ್ಕೆ ಒಲವು. ಇದ್ದಿಲಿಗೆ ಸರಿಯಾಗಿ ಅಂಟದು, ಕ್ಲೋರಿನ್‌ಗಾಗಲಿ ಓಝೋನಿಗಾಗಲಿ ಜಗ್ಗದು; ನೇರಳಾತೀತ ವಿಧಾನಕ್ಕೆ ಮಣಿದರೂ ಅದಕ್ಕೆ ತಗಲುವ ವಿದ್ಯುತ್ತು ಅಪಾರ. ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ಘಟಕಗಳು ಒಂದು ಗುಳಿಗೆಯ ಮುಂದೆ ಕೈಚೆಲ್ಲಿದವು. ಆಗ ಆಂಗ್ಲಿಯನ್ ವಾಟರ್ ಸಂಸ್ಥೆ 2015ರಲ್ಲಿ ತನ್ನ ಕೆಲವು ಜಲಾಶಯಗಳ ಸುತ್ತಲಿನ ರೈತರಿಗೆ ಹಣ ಕೊಟ್ಟು, ಮೆಟಾಲ್ಡಿಹೈಡ್ ಬಿಟ್ಟು ಫೆರಿಕ್ ಫಾಸ್ಫೇಟ್ ಬಳಸುವಂತೆ ಒಪ್ಪಿಸಿತು. ಹಕ್ಕಿ ಮತ್ತು ಸಸ್ತನಿಗಳಿಗಿದ್ದ ಅಪಾಯವನ್ನು ಮುಂದಿಟ್ಟು ಸರ್ಕಾರ ಹೊರಾಂಗಣ ಬಳಕೆಯನ್ನೇ 2022ರ ಮಾರ್ಚ್ ಅಂತ್ಯಕ್ಕೆ ನಿಲ್ಲಿಸಿತು. ನೀರಿನ ಘಟಕ ಮಾಡಲಾಗದ ಕೆಲಸ ಹೊಲದ ಬದುವಿನಲ್ಲೇ ಮುಗಿಯಿತು.

ಮೆಟಾಲ್ಡಿಹೈಡ್ ಕರ್ನಾಟಕಕ್ಕೂ ಅಪರಿಚಿತವಲ್ಲ. ಕೊಡಗಿನ ಕಾಫಿ ತೋಟಗಳಿಗೆ ನುಗ್ಗುವ ಆಫ್ರಿಕನ್ ಬಸವನಹುಳುವಿನ ಹತೋಟಿಗೆ ಹೇಳುವ ಮದ್ದುಗಳಲ್ಲಿ ಇದೂ ಒಂದು, ಮತ್ತು ಆ ಇಳಿಜಾರುಗಳ ಮಳೆನೀರು ಬಹುಪಾಲು ಹರಿಯುವುದು ಕಾವೇರಿಗೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ಪೀಡೆನಾಶಕಗಳದ್ದೊಂದು ಪಟ್ಟಿಯಿದೆ: ಅಟ್ರಜಿನ್‌ಗೆ ಲೀಟರಿಗೆ 2 ಮೈಕ್ರೋಗ್ರಾಂ, ಎಂಡೋಸಲ್ಫಾನ್‌ಗೆ 0.4, ಕ್ಲೋರ್‌ಪೈರಿಫಾಸ್‌ಗೆ 30. ಆ ಪಟ್ಟಿಯಲ್ಲಿ ಮೆಟಾಲ್ಡಿಹೈಡ್ ಇಲ್ಲ.